ಅಂಚಿನ ಬೀಮು

ಕೊಪ್ಪಳ
ಜನವರಿ 12, 2025

ಅಪ್ಪನಿಗೆ ದುರ್ಗಾಳ ನಮಸ್ಕಾರ. ಅವ್ವನಿಗೂ ಹೇಳು.

ಈ ಸುದ್ದಿಯನ್ನು ಫೋನಿನಲ್ಲಿ ಅವ್ವನಿಗೆ ಹೇಳಿದರೆ ಅವಳು ನಿನ್ನ ಕಿವಿಯ ಹತ್ತಿರ ಬಂದು ಕೂಗಬೇಕು. ಅದು ಮೊದಲು ಓಣಿಗೆ ಕೇಳುತ್ತದೆ, ಆಮೇಲೆ ನಿನಗೆ. ಗಂಗಾವತಿಯ ರೈಸ್ ಮಿಲ್ಲು ನಿನ್ನ ಕಿವಿಯನ್ನು ತಿಂದರೂ ಕಣ್ಣನ್ನು ಬಿಟ್ಟಿದೆಯಲ್ಲ. ಅದಕ್ಕೇ ಕಾಗದ ಬರೆಯುತ್ತಿದ್ದೇನೆ.

ನವಲಿಯ ಹಾದಿಯಲ್ಲಿ ಕಾಲುವೆಗೆ ಹೊಸ ಸೇತುವೆ ಮಂಜೂರಾಗಿದೆ. ಅದರ ಬೀಮುಗಳ ಲೆಕ್ಕ ನಮ್ಮ ಕಚೇರಿಗೆ ಬಂದಿದೆ. ಕಚೇರಿಯಲ್ಲಿ ನನ್ನ ಮೇಜಿಗೇ ಬಂದಿದೆ! ಇಷ್ಟು ದಿನ ಬೇರೆಯವರ ಲೆಕ್ಕ ತಿದ್ದಿದ್ದೇ ಆಯಿತು. ಈ ಸಲ ನಕ್ಷೆಯ ಮೂಲೆಯಲ್ಲಿ, ವಿನ್ಯಾಸ ಮಾಡಿದವರ ಜಾಗದಲ್ಲಿ ನನ್ನ ಹೆಸರು ಇರುತ್ತದೆ. ಅದೂ ನಮ್ಮೂರ ಸೇತುವೆಗೆ. ಎಷ್ಟು ಹೆಮ್ಮೆಯಾಯಿತೆಂದರೆ, ಮಧ್ಯಾಹ್ನ ಬುತ್ತಿ ಬಿಚ್ಚುವುದನ್ನೇ ಮರೆತೆ.

ಇವು ಮಾಮೂಲಿ ಬೀಮುಗಳಲ್ಲ. ಪ್ರೀಸ್ಟ್ರೆಸ್ ಬೀಮು ಎನ್ನುತ್ತಾರೆ. ಇಟ್ಟಿಗೆ ಹೊರುವವರು ಐದಾರು ಇಟ್ಟಿಗೆಗಳನ್ನು ಸಾಲಾಗಿಟ್ಟು, ಎರಡು ತುದಿಯಿಂದ ಅಂಗೈಯಲ್ಲಿ ಒತ್ತಿ ಒಮ್ಮೆಗೇ ಎತ್ತುವುದನ್ನು ನೀನು ನೋಡಿದ್ದೀ. ನಡುವಿನ ಇಟ್ಟಿಗೆಗಳ ಕೆಳಗೆ ಏನೂ ಇರುವುದಿಲ್ಲ, ಆದರೂ ಬೀಳುವುದಿಲ್ಲ. ಒತ್ತಡವೇ ಅವನ್ನು ಹಿಡಿದಿರುತ್ತದೆ. ನಮ್ಮ ಬೀಮೂ ಹಾಗೆಯೇ. ಕಾಂಕ್ರೀಟಿನ ಹೊಟ್ಟೆಯ ಕಡೆ ಉಕ್ಕಿನ ಕೇಬಲ್ ಹಾಯಿಸಿರುತ್ತಾರೆ. ಕಾಂಕ್ರೀಟ್ ಗಟ್ಟಿಯಾದ ಮೇಲೆ ಜಾಕ್ ಹಚ್ಚಿ ಕೇಬಲ್ ಎಳೆದು ತುದಿಗಳಲ್ಲಿ ಬಿಗಿ ಮಾಡುತ್ತಾರೆ. ಲಾರಿ ಬರುವ ಮೊದಲೇ ಬೀಮು ಅದನ್ನು ಹೊರಲು ಮೈ ಬಿಗಿಹಿಡಿದು ನಿಂತಿರುತ್ತದೆ.

ಇದನ್ನು ನಿನಗೆ ಮಾತ್ರ ಬರೆದಿದ್ದೇನೆ. ಊರಿಗೆಲ್ಲ ಹೇಳಬೇಡ.

ನಿನ್ನ ಮಗಳು
ದುರ್ಗಾ

*

ನವಲಿ
ಜನವರಿ 21, 2025

ನಮ್ಮವ್ವ ದುರಗವ್ವನಿಗೆ ಅಪ್ಪನ ಆಶೀರ್ವಾದ.

ಕಾಗದ ಮುಟ್ಟಿತು. ಊರಿಗೆ ಹೇಳಬೇಡ ಎಂದು ಕೊನೆಯ ಸಾಲಿನಲ್ಲಿ ಬರೆದಿದ್ದೀ. ಅಲ್ಲಿಗೆ ಬರುವಷ್ಟರಲ್ಲಿ ನಾನು ಹೋಟೆಲಿನಲ್ಲಿ ಗಟ್ಟಿಯಾಗಿ ಓದಿ ಮುಗಿಸುತ್ತಾ ಇದ್ದೆ. ತಪ್ಪು ನನ್ನದಲ್ಲ. ಅಂಥ ಮಾತನ್ನು ಮೊದಲನೇ ಸಾಲಿನಲ್ಲಿ ಬರೆಯಬೇಕು.

ಎಲ್ಲರೂ ಖುಷಿಪಟ್ಟರು. ಇಬ್ಬರು ಮಾತ್ರ ‘ಹೆಣ್ಣುಮಗಳು ಸೇತುವೆ ಲೆಕ್ಕ ಮಾಡುತ್ತಾಳೇನು’ ಎಂದು ಪಿಸುಗುಟ್ಟಿದರಂತೆ. ನನಗೆ ಕೇಳಲಿಲ್ಲ, ಪಕ್ಕದವರು ಹೇಳಿದರು. ಕಿವಿ ಹೋದದ್ದರ ಲಾಭ ಇಷ್ಟೇ ನೋಡು, ಅಂಥವರ ಮಾತು ನನ್ನವರೆಗೆ ಬರುವುದಿಲ್ಲ. ನಿಮ್ಮವ್ವ ಮಾತ್ರ ನನ್ನನ್ನು ಸುಮ್ಮನೆ ಬಿಡಲಿಲ್ಲ. “ಹೆತ್ತವರಿಗೆ ಹೆಗ್ಗಣ ಮುದ್ದು ಅಂತಾರ. ನೀ ನೋಡಿದ್ರ ಆ ಹೆಗ್ಗಣಾನ ಊರಿಗೆಲ್ಲಾ ತೋರಿಸ್ಕೋತ ತಿರಗಾಕತ್ತಿ” ಎಂದಳು. ಹಾಗೆಂದವಳೇ ಸಂಜೆ ಶರಣಬಸಮ್ಮನ ಮನೆಯ ಕಟ್ಟೆಯ ಮೇಲೆ ಕೂತು ಇಟ್ಟಿಗೆಯ ಕಥೆ ಹೇಳುತ್ತಿದ್ದಳು.

ಒಂದು ಮಾತು. ಕಬ್ಬಿಣ ಹಾಕುವಾಗ ಕೈ ಬಿಗಿ ಹಿಡಿಯಬೇಡ. ನಮ್ಮ ಕಡೆಯ ಭಾರ ನಿನಗೆ ಗೊತ್ತೇ ಇದೆ. ಕೊಯ್ಲಿನ ಮೆಷೀನು, ಭತ್ತದ ಲಾರಿ, ಹುಲ್ಲಿನ ಟ್ರ್ಯಾಕ್ಟರು. ನಾಲ್ಕು ಕೇಬಲ್ ಸಾಕಾದಲ್ಲಿ ಎಂಟು ಹಾಕು. ಸರ್ಕಾರದ್ದು, ಯಾರ ಮನೆಯ ಗಂಟೂ ಹೋಗುವುದಿಲ್ಲ.

ನಿನ್ನ ಅಪ್ಪ
ಹುಲಿಗೆಪ್ಪ

*

ಕೊಪ್ಪಳ
ಫೆಬ್ರವರಿ 16, 2025

ಅಪ್ಪಾ,

ನಿನ್ನ ಕಾಗದ ಓದಿ ನಕ್ಕೂ ನಕ್ಕೂ ಸಾಕಾಯಿತು. ಆದರೆ ಎಂಟು ಕೇಬಲ್ ಹಾಕುವಂತಿಲ್ಲ, ಕೇಬಲ್ ಹೆಚ್ಚಿದಷ್ಟೂ ಬಿಗಿ ಹೆಚ್ಚು. ಬಿಗಿ ಕಡಿಮೆಯಾದರೆ ಭಾರ ಬಂದ ದಿನ ಬೀಮು ಕೆಳಕ್ಕೆ ಜಗ್ಗಿ ಹೊಟ್ಟೆಯಲ್ಲಿ ಬಿರುಕು ಬಿಡುತ್ತದೆ. ಬಿಗಿ ಹೆಚ್ಚಾದರೆ ಭಾರ ಇಲ್ಲದ ದಿನ ಮೇಲಕ್ಕೆ ಬಾಗಿ ಬೆನ್ನಿನಲ್ಲಿ ಬಿರುಕು ಬಿಡುತ್ತದೆ. ಭಾರ ಹೆಚ್ಚಾದರೂ ಕಷ್ಟ, ಇಲ್ಲದಿದ್ದರೂ ಕಷ್ಟ. ಅದಕ್ಕೇ ಒಂದು ಬೀಮಿಗೆ ಅದರ ಆಯುಷ್ಯದ ಎಲ್ಲ ದಿನಗಳ ಲೆಕ್ಕ ಮಾಡಬೇಕು. ಎರಕ ಹೊಯ್ದ ಯಾರ್ಡಿನಲ್ಲಿ ಒಂಟಿಯಾಗಿ ಮಲಗಿದ ದಿನ, ಕ್ರೇನು ಎತ್ತಿದ ದಿನ, ಮೇಲೆ ರಸ್ತೆ ಬಿದ್ದ ದಿನ, ಲಾರಿಗಳು ಸಾಲುಗಟ್ಟಿ ನಿಂತ ದಿನ. ವರ್ಷ ಕಳೆದ ಹಾಗೆ ಕೇಬಲ್ ತುಸು ಸಡಿಲಾಗುತ್ತದೆ, ಅದನ್ನೂ ಹಿಡಿಯಬೇಕು.

ಈ ಎಲ್ಲ ಲೆಕ್ಕವನ್ನು ಪುಸ್ತಕದಲ್ಲಿ ಇರುವ ಹಾಗೇ ಮಾಡಿ ಮುಗಿಸಿದ್ದೆ. ಆಮೇಲೆ ನಮ್ಮೂರಿನ ಒಂದು ದಿನ ನೆನಪಾಯಿತು. ಸುಗ್ಗಿಯಲ್ಲಿ ನಮ್ಮವರು ರಸ್ತೆಯ ಒಂದು ಮಗ್ಗುಲಿಗೆ ಉದ್ದಕ್ಕೂ ಭತ್ತ ಹರವುತ್ತಾರೆ. ಭತ್ತದ ಅಂಚಿಗೆ ಕಲ್ಲು ಇಡುತ್ತಾರೆ. ಸೇತುವೆಯನ್ನೂ ಬಿಡುವುದಿಲ್ಲ. ಆಗ ಬರುವ ಹೋಗುವ ಲಾರಿಗಳೆಲ್ಲ ಉಳಿದ ಅರ್ಧದಲ್ಲೇ, ಪೂರಾ ಅಂಚಿಗೆ ಸರಿದು ಹೋಗಬೇಕು. ವಾರಗಟ್ಟಲೆ ಎಲ್ಲ ಭಾರ ಒಂದೇ ಅಂಚಿನ ಬೀಮಿನ ಮೇಲೆ ಬೀಳುತ್ತದೆ.

ನಮ್ಮ ಹಿರಿಯ ಎಂಜಿನಿಯರ್ ಶಾಂತಕುಮಾರ ಸರ್‌ಗೆ ಇದನ್ನು ಹೇಳಿದೆ. ಅವರು ಯಲಬುರ್ಗಾದವರು, ಎರೆ ಹೊಲದ ಜೋಳ ಕಡಲೆ ಕಂಡವರು. “ರಸ್ತೆ ಮ್ಯಾಲೆ ಯಾಕ ಹರವ್ತಾರ? ಕಣ ಇಲ್ಲೇನು ನಿಮ್ಮೂರಾಗ?” ಎಂದರು.

“ಐತ್ರಿ ಸರ್. ಡಾಂಬರ್ ರಸ್ತೆನ ನಮ್ಮ ಕಣ” ಎಂದೆ.

ಅವರು ನಕ್ಕರು. ನಗಲಿ ಎಂದು ಬಿಟ್ಟೆ. ಮರುದಿನ ಶ್ರೀರಾಮನಗರದಿಂದ ನವಲಿಯವರೆಗೆ ನಾನೇ ತೆಗೆದಿದ್ದ ಫೋಟೋಗಳನ್ನು ಅವರ ಮುಂದೆ ಹರವಿದೆ. ಒಂದೊಂದನ್ನೇ ಎತ್ತಿ ನೋಡಿದರು. ಆಮೇಲೆ ಕನ್ನಡಕ ತೆಗೆದು, “ಇದನ್ನ ಲೆಕ್ಕದಾಗ ತಗೋ” ಎಂದರು. ಎರಡು ಅಂಚಿನ ಬೀಮುಗಳಿಗೆ ಒಂದೊಂದು ಕೇಬಲ್ ಹೆಚ್ಚು ಹಾಕಿ, ಖಾಲಿ ದಿನದಲ್ಲೂ ಬೆನ್ನು ಒಡೆಯದಂತೆ ನೋಡಿಕೊಂಡು ಮತ್ತೆ ಎಲ್ಲ ಲೆಕ್ಕ ಮಾಡಿದೆ. ಈ ಬೀಮು ನಮ್ಮವರ ಅಭ್ಯಾಸಕ್ಕೆ ಅಳತೆ ತೆಗೆದು ಹೊಲಿದ ಅಂಗಿ, ಅಪ್ಪಾ. ಬೇರೆ ಯಾವ ಊರಿನವರು ಕೂತಿದ್ದರೂ ಇದು ಹೊಳೆಯುತ್ತಿರಲಿಲ್ಲ. ಹೋಟೆಲಿನಲ್ಲಿ ಬೇಕಾದರೆ ಓದು, ಈ ಸಲ ನಾನು ಬೇಡ ಅನ್ನುವುದಿಲ್ಲ.

ನಿನ್ನ
ದುರ್ಗಾ

*

ನವಲಿ
ಜೂನ್ 24, 2025

ದುರಗವ್ವಾ,

ಕಾಲುವೆಯ ದಂಡೆಯಲ್ಲಿ ಯಾರ್ಡು ಎದ್ದಿದೆ. ನಾನು ದಿನಾ ಚಹಾ ಕುಡಿದು ಅಲ್ಲಿಗೇ ಹೋಗುತ್ತೇನೆ. ಸೂಪರ್‌ವೈಸರ್ ಗೌರೀಶ ಹನುಮಸಾಗರದ ಹುಡುಗ, ಛಲೋ ಹುಡುಗ. ಹೊಸದಾಗಿ ಮದುವೆಯಾಗಿದ್ದಾನೆ. ನನಗೆ ‘ಎಂಜಿನಿಯರ್ ಅಪ್ಪಾರು’ ಎಂದು ಹೆಸರಿಟ್ಟಿದ್ದಾನೆ. ಹೋದ ಕೂಡಲೇ ಕುರ್ಚಿ ಹಾಕಿಸುತ್ತಾನೆ. ಮಿಲ್ಲಿನಲ್ಲಿ ಅಷ್ಟು ವರ್ಷ ದುಡಿದೆ, ಒಬ್ಬರೂ ಕುರ್ಚಿ ಹಾಕಿರಲಿಲ್ಲ. ಇದು ನಿನ್ನಿಂದ ಬಂದ ಕುರ್ಚಿ.

ಒಂದು ಅಂಚಿನ ಬೀಮು ತಯಾರಾಗಿ ಎರಡು ತುದಿಯ ದಿಮ್ಮಿಗಳ ಮೇಲೆ ಕೂತಿದೆ. ಬೇರೆ ಬೀಮುಗಳಿಗಿಂತ ಅದರ ಬೆನ್ನು ತುಸು ಹೆಚ್ಚು ಎದ್ದಿದೆ. ನಡುವೆ ಕೆಳಗೆ ಏನೂ ಇಲ್ಲ, ನಾಯಿ ನುಸುಳಿ ಹೋಗುತ್ತದೆ. ನೋಡಿ ನಡು ಮುರಿದೀತೆಂದು ಅಂಜಿದೆ. ನೀನು ಬಾಗುತ್ತದೆ ಎಂದು ಬರೆದದ್ದು ನೆನಪಾಗಿ ಸಮಾಧಾನ ಮಾಡಿಕೊಂಡೆ. ಆದರೂ ನಿನ್ನ ಬೀಮಿಗೆ ನಾನೂ ಒಂದು ಸಣ್ಣ ಉಪಕಾರ ಮಾಡಿದ್ದೇನೆ. ಬಂದಾಗ ತೋರಿಸುತ್ತೇನೆ.

ಅಪ್ಪ

*

ಕೊಪ್ಪಳ
ಜುಲೈ 3, 2025

ಅಪ್ಪಾ,

ಕುಷ್ಟಗಿ ಕಡೆಯ ಒಂದು ಕೆಲಸಕ್ಕೆ ಓಡಾಡುತ್ತಿದ್ದೇನೆ, ಅದಕ್ಕೇ ನಾಲ್ಕೇ ಸಾಲು. ಉಪಕಾರ ಏನೆಂದು ಬರೆಯಲಿಲ್ಲ. ಅವ್ವನ ಕೈಯಿಂದ ದೃಷ್ಟಿ ತೆಗೆಸಿರುತ್ತೀ. ತೆಗೆಸು, ನಕ್ಷೆಯಲ್ಲಿ ಅದಕ್ಕೇನೂ ಅಡ್ಡಿಯಿಲ್ಲ. ಕುರ್ಚಿಯ ಸುದ್ದಿ ಓದಿ ಕಣ್ಣು ತುಂಬಿ ಬಂತು.

ದುರ್ಗಾ

*

ನವಲಿ
ಜುಲೈ 29, 2025

ದುರಗವ್ವಾ,

ಕಾಲುವೆಗೆ ನೀರು ಬಿಟ್ಟಿದ್ದಾರೆ. ಅಂಚಿನ ಬೀಮಿನ ಬೆನ್ನಿನ ಮೇಲೆ ಗೆರೆ ಬಿದ್ದಿದೆ ಎನ್ನುತ್ತಾರೆ. ನಾನು ನೋಡಿದೆ. ಕೂದಲಿನಷ್ಟು ಇದೆ, ಆದರೆ ಇದೆ. ಹೋಟೆಲಿನಲ್ಲಿ ಒಬ್ಬ ನನಗೆ ಕೇಳಲಿ ಎಂದೇ ಜೋರಾಗಿ, “ಹುಲಿಗೆಪ್ಪಾ, ನಿನ್ನ ಮಗಳ ತೊಲಿ ಎತ್ತೂಕಿಂತ ಮೊದಲ ಸೀಳೇತಲ್ಲೋ” ಎಂದ. ಗುತ್ತಿಗೆದಾರರ ಕಡೆಯವರು ಲೆಕ್ಕವೇ ತಪ್ಪು, ಬೇರೆಯವರಿಂದ ಮಾಡಿಸಬೇಕು ಎಂದು ಮೇಲಕ್ಕೆ ಬರೆದಿದ್ದಾರಂತೆ.

ನಿನ್ನ ಲೆಕ್ಕ ತಪ್ಪಿಲ್ಲ. ನನಗೆ ಗೊತ್ತು. ಬಂದು ನೋಡು.

ಅಪ್ಪ

*

ಕೊಪ್ಪಳ
ಆಗಸ್ಟ್ 9, 2025

ಅಪ್ಪಾ,

ಮೊನ್ನೆ ಮನೆಗೆ ಬಂದು ಉಂಡು, ಎದ್ದು ಬಂದೆ. ನೀನೂ ಮಾತಾಡಲಿಲ್ಲ, ನಾನೂ ಆಡಲಿಲ್ಲ. ಅವ್ವ ಇಬ್ಬರ ಮುಖ ನೋಡಿ ನೋಡಿ ರೊಟ್ಟಿ ಬಡಿಸಿದಳು. ನಿನ್ನ ಜೊತೆ ಮಾತಾಡಬೇಕೆಂದರೆ ಕೂಗಬೇಕು. ಇದು ಕೂಗಿ ಹೇಳುವ ಮಾತಲ್ಲ. ಬಸ್ಸಿನಲ್ಲಿ ಇಡೀ ದಾರಿ ಈ ಕಾಗದವನ್ನೇ ಮನಸ್ಸಿನಲ್ಲಿ ಬರೆಯುತ್ತಾ ಬಂದೆ.

ಬೀಮಿನ ಬಳಿ ಹೋದಾಗ ಮೊದಲು ಕಣ್ಣಿಗೆ ಬಿದ್ದದ್ದು ನಡುವಿನ ಆಸರೆ. ಹಾಸಿದ ಚಪ್ಪಡಿ ಕಲ್ಲುಗಳು, ಅವುಗಳ ಮೇಲೆ ಮರದ ದಿಮ್ಮಿ, ಮೇಲೆ ಬೆಣೆ ಬಡಿದು ಬಿಗಿ ಮಾಡಿದ್ದು. ನನ್ನ ನಕ್ಷೆಯಲ್ಲಿ ಎರಡು ತುದಿಗಳಿಗೆ ಮಾತ್ರ ಆಸರೆ ತೋರಿಸಿದೆ. ಇದು ಎಲ್ಲಿಂದ ಬಂತು ಎಂದು ಕೇಳಿದೆ. ಗೌರೀಶ ತಲೆ ತಗ್ಗಿಸಿ, “ನಿಮ್ಮ ಅಪ್ಪಾರು ಹೇಳಿದ್ರಿ ಮೇಡಂ. ‘ನಡಕ ಒಂದು ಆಸರಾ ಕೊಡ್ರಿ, ನನ್ನ ಮಗಳು ಬರೆದಾಳ’ ಅಂದ್ರು. ನಿಮ್ಮ ಮಾತು ಅಂದಮ್ಯಾಲೆ ನಾ ಹೆಂಗ ಇಲ್ಲ ಅನ್ಲಿ?” ಎಂದ.

ನೀನು ಯಾಕೆ ಹಾಗೆ ಮಾಡಿದೆ ಎಂದು ನನಗೆ ಅರ್ಥವಾಗುತ್ತದೆ. ಮಾಳಿಗೆ ಮನೆಯ ತೊಲೆ ಹಳೆಯದಾದರೆ ನಾವು ನಡುವೆ ಕಂಬ ಕೊಡುತ್ತೇವೆ. ಅದು ಕೆಳಕ್ಕೆ ಜಗ್ಗುವ ತೊಲೆಗೆ. ನನ್ನದು ಮೇಲಕ್ಕೆ ಎದ್ದಿರುವ ಬೀಮು. ಅದರ ಸ್ವಂತ ಭಾರವೇ ನಡುವನ್ನು ಕೆಳಕ್ಕೆ ಎಳೆದು ಬೆನ್ನನ್ನು ಕಾಯುತ್ತದೆ. ನೀರು ಬಿಟ್ಟಾಗ ದಂಡೆಯ ಎರೆ ಮಣ್ಣು ನೆನೆದು ತುದಿಯ ದಿಮ್ಮಿಗಳು ಕುಸಿದಿವೆ. ಯಾರ್ಡಿನವರು ಕೆಳಗೆ ಗಟ್ಟಿ ಗರಸು ಮಣ್ಣು ಸರಿಯಾಗಿ ಹಾಕಿರಲಿಲ್ಲ, ಅದು ಅವರ ತಪ್ಪು. ನಿನ್ನ ಆಸರೆ ಮಾತ್ರ ಅಲ್ಲಾಡಲಿಲ್ಲ. ಅಲ್ಲಿ ನಡೆದ ಎಲ್ಲ ಕೆಲಸಕ್ಕಿಂತ ಅದೇ ಗಟ್ಟಿಯಾಗಿತ್ತು! ಬೀಮು ನಡುವಿನ ಮೇಲೆ ಕೂತು, ಎರಡು ತುದಿಗಳು ಜೋತುಬಿದ್ದು, ಬೆನ್ನು ಬಿರಿಯಿತು.

ತುದಿಗಳನ್ನು ಎತ್ತಿಸಿ, ಆಸರೆ ತೆಗೆಸಿದೆ. ಗೆರೆ ಮುಚ್ಚಿಕೊಂಡಿತು. ಈಗ ಹುಡುಕಿದರೂ ಕಾಣುವುದಿಲ್ಲ. ಗುತ್ತಿಗೆದಾರರ ಮನುಷ್ಯ ನನ್ನ ಹತ್ತಿರ ಬಂದು, “ನೋಡ್ರಿ ಮೇಡಂ, ಗೆರಿ ಇಲ್ಲ, ತಪ್ಪೂ ಇಲ್ಲ. ಹೀಂಗ ಬಿಟ್ಟುಬಿಡೂನು. ನಿಮ್ಮ ಲೆಕ್ಕದ ಮ್ಯಾಲಿನ ದೂರೂ ವಾಪಸ್ ತಗೋತೀವಿ, ನಿಮ್ಮ ಅಪ್ಪಾರ ಹೆಸರೂ ಬರಂಗಿಲ್ಲ” ಎಂದ.

ಒಂದು ಗಳಿಗೆ ಮನಸ್ಸು ಹೌದೆಂದಿತು. ಸುಳ್ಳು ಹೇಳುವುದಿಲ್ಲ. ಆದರೆ ಆ ಬೀಮಿನ ಮೇಲೆ ಸಾಲಿ ಮಕ್ಕಳ ಟಂಟಂ ಆಟೋ ಹೋಗುತ್ತದೆ, ನಾಟಿಗೆ ಹೋಗುವ ಅವ್ವನ ಗುಂಪಿನ ಟ್ರ್ಯಾಕ್ಟರ್ ಹೋಗುತ್ತದೆ. ಒಮ್ಮೆ ಬಿರುಕು ಬಿಟ್ಟದ್ದರ ಒಳಗೆ ನೀರು ಹೋಗಿ ಕೇಬಲ್ಲಿಗೆ ತುಕ್ಕು ಹಿಡಿದರೆ ಅದು ಹೊರಗೆ ಯಾರಿಗೂ ಕಾಣದು. ಬೀಮನ್ನು ತಿರಸ್ಕರಿಸಿದೆ. ಬೇರೆ ಎರಕ ಹೊಯ್ಯಬೇಕು ಎಂದು ಬರೆದುಕೊಟ್ಟೆ.

ತಿರಸ್ಕರಿಸಿದ ಮೇಲೆ ಕಾರಣ ಹೇಳಬೇಕು. ಇಪ್ಪತ್ತೈದಕ್ಕೆ ಕೊಪ್ಪಳದಲ್ಲಿ ಸಭೆ ಇದೆ. ಕಾರಣ ಹೇಳದಿದ್ದರೆ ಲೆಕ್ಕವೇ ತಪ್ಪೆಂದು ತೀರ್ಮಾನವಾಗಿ ಸೇತುವೆ ನನ್ನ ಕೈ ಬಿಡುತ್ತದೆ. ‘ಸ್ಥಳೀಯರೊಬ್ಬರ ಮಾತಿನಂತೆ ನಡುವೆ ಆಸರೆ ಇಡಲಾಗಿತ್ತು’ ಎಂದು ಬರೆಯುತ್ತೇನೆ. ಅದು ಸುಳ್ಳಲ್ಲ. ನಿನ್ನ ಹೆಸರು ಬರುವುದಿಲ್ಲ. ನೀನು ಹೋಟೆಲಿಗೆ ಎಂದಿನಂತೆ ಹೋಗಬಹುದು.

ನನಗೆ ಸಿಟ್ಟಿಲ್ಲ ಎಂದು ಬರೆಯಬೇಕೆಂದಿದ್ದೆ. ಇದೆ. ‘ಮಗಳು ಬರೆದಾಳ’ ಎಂದು ಯಾಕೆ ಹೇಳಿದೆ ಅಪ್ಪಾ? ನಾನು ಹಾಗೆ ಬರೆದಿರಲಿಲ್ಲವಲ್ಲ.

ದುರ್ಗಾ

*

ನವಲಿ
ಆಗಸ್ಟ್ 16, 2025

ನಮ್ಮವ್ವಾ,

ನಿನ್ನ ಕಾಗದವನ್ನು ಈ ಸಲ ಯಾರಿಗೂ ಓದಿ ಹೇಳಲಿಲ್ಲ. ಮನೆಯ ಹಿಂದೆ ದನದ ಕೊಟ್ಟಿಗೆಯಲ್ಲಿ ಕೂತು ಓದಿದೆ. ಕೊನೆಯ ಸಾಲಿಗೆ ಬಂದಾಗ ಅತ್ತುಬಿಟ್ಟೆ. ಬರೆಯಲು ನಾಚಿಕೆಯಿಲ್ಲ, ಅತ್ತೆ.

ಯಾಕೆ ಹೇಳಿದೆ ಎಂದು ಕೇಳಿದ್ದೀ. ‘ನನ್ನ ಮಗಳು ಬರೆದಾಳ’ ಎನ್ನುವ ಮಾತು ಬಾಯಿಗೆ ಬೆಲ್ಲದಂತೆ ರುಚಿಯಾಗಿತ್ತು. ಬೆಳಗಿನಿಂದ ಸಂಜೆಯ ತನಕ ಅದನ್ನೇ ಹೇಳುತ್ತಿದ್ದೆ. ನೀನು ಬರೆದದ್ದಕ್ಕೂ ಹೇಳಿದೆ, ಬರೆಯದ್ದಕ್ಕೂ ಹೇಳಿದೆ. ಬೀಮಿನ ನಡು ಖಾಲಿ ಇದ್ದದ್ದು ನೋಡಿ ಜೀವ ತಡೆಯಲಿಲ್ಲ. ಹುಲಿಗೆಪ್ಪ ಹೇಳಿದರೆ ಗೌರೀಶ ಕೇಳುತ್ತಿರಲಿಲ್ಲ. ನಿನ್ನ ಹೆಸರು ಹೇಳಿದೆ, ಕೂಡಲೇ ಕಲ್ಲು ಬಂದವು. ನಿನ್ನ ಹೆಸರಿಗೆ ಅಷ್ಟು ಬೆಲೆ ಇದೆ ಎಂದು ಹಿಗ್ಗಿದೆ. ಆ ಬೆಲೆಯನ್ನು ನಾನೇ ಖರ್ಚು ಮಾಡಿದೆ ಎಂದು ಈಗ ತಿಳಿಯಿತು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ನಿನ್ನ ಗಡಿಗೆಗೆ ನಾನೇ ದೊಣ್ಣೆಯಾದೆ.

ಈಗ ನನ್ನ ಮಾತು ಕೇಳು. ‘ಸ್ಥಳೀಯರೊಬ್ಬರು’ ಎಂದು ಬರೆಯಬೇಡ. ನವಲಿಯಲ್ಲಿ ಇರುವವರೆಲ್ಲ ಸ್ಥಳೀಯರೇ. ಅವರು ಯಾರು ಎಂದು ಹುಡುಕಿ ಹುಡುಕಿ ಕೊನೆಗೆ ಗೌರೀಶನ ಕೊರಳಿಗೆ ಕಟ್ಟುತ್ತಾರೆ. ಈಗಾಗಲೇ ಅವನಿಗೆ ಕೆಲಸ ಬಿಡಲು ಹೇಳಿದ್ದಾರೆ. ಮೊನ್ನೆ ಅವನ ಹೆಂಡತಿ ನಮ್ಮ ಬಾಗಿಲಿಗೆ ಬಂದು ನಿಂತಿದ್ದಳು. ನಿಮ್ಮವ್ವ ಒಳಗೆ ಕರೆದು ಚಹಾ ಕೊಟ್ಟಳು. ಅವಳು ಹೋದ ಮೇಲೆ ನನ್ನ ಕಡೆ ತಿರುಗಿ, “ಹೆಸರು ಹೇಳೂದಿದ್ರ ಎರಡೂ ದಿನಾ ಹೇಳಬೇಕು, ಹಾಡಿ ಹೊಗಳೂ ದಿನಾನೂ, ಬೈಸ್ಕೊಳ್ಳೂ ದಿನಾನೂ” ಎಂದಳು. ಆ ಮಾತು ನನ್ನ ಕಿವುಡು ಕಿವಿಗೆ ಎಷ್ಟು ಸ್ಪಷ್ಟವಾಗಿ ಕೇಳಿಸಿತೆಂದರೆ, ಮಿಲ್ಲಿನ ಗದ್ದಲದಲ್ಲೂ ಕೇಳಿಸುತ್ತಿತ್ತು.

ಆದ್ದರಿಂದ ಹೀಗೆ ಬರೆ: ನವಲಿಯ ಹುಲಿಗೆಪ್ಪ, ರೈಸ್ ಮಿಲ್ಲಿನ ಕೆಲಸದಿಂದ ನಿವೃತ್ತ, ವಿನ್ಯಾಸ ಮಾಡಿದ ಎಂಜಿನಿಯರ್ ದುರ್ಗಾದೇವಿಯ ತಂದೆ, ಮಗಳು ಹೇಳದ ಮಾತನ್ನು ಮಗಳು ಹೇಳಿದಳೆಂದು ಹೇಳಿ ನಡುವೆ ಆಸರೆ ಇಡಿಸಿದ. ಗೌರೀಶ ನಂಬಿ ಇಟ್ಟ. ಒಂದು ಅಕ್ಷರವನ್ನೂ ಮೆತ್ತಗೆ ಮಾಡಬೇಡ. ಹೋಟೆಲಿನಲ್ಲಿ ನಾನೇ ಹೇಳಿ ಬಂದಿದ್ದೇನೆ. ಒಬ್ಬಿಬ್ಬರು ನಕ್ಕರು. ನಗಲಿ.

ಗೆರೆ ಮುಚ್ಚಿದ ಬೀಮನ್ನು ನೀನು ತಿರಸ್ಕರಿಸಿದೆಯಲ್ಲ, ಅದನ್ನು ಓದಿದ ಮೇಲೆ ನನಗೆ ಬೇರೆ ಯಾವ ಹೊಗಳಿಕೆಯೂ ಬೇಡವಾಯಿತು. ಸೇತುವೆ ಇನ್ನೊಬ್ಬರ ಪಾಲಾದರೂ ಆಗಲಿ. ಅಂಥ ಮಗಳು ನನ್ನ ಮನೆಯಲ್ಲಿ ಹುಟ್ಟಿದಳಲ್ಲ.

ನಿನ್ನ ಅಪ್ಪ
ಹುಲಿಗೆಪ್ಪ

*

ಕೊಪ್ಪಳ
ಆಗಸ್ಟ್ 27, 2025

ಅಪ್ಪಾ,

ನೀನು ಹೇಳಿದಂತೆಯೇ ಬರೆದೆ. ಬರೆಯುವಾಗ ‘ತಂದೆ’ ಎನ್ನುವ ಪದವನ್ನು ಎರಡು ಸಲ ಹೊಡೆದುಹಾಕಿ, ಮೂರನೆಯ ಸಲ ಉಳಿಸಿದೆ.

ಸಭೆಯಲ್ಲಿ ದೊಡ್ಡ ಸಾಹೇಬರು ಇದ್ದರು, ಗುತ್ತಿಗೆದಾರರ ಕಡೆಯವರು ಇದ್ದರು, ಗೌರೀಶ ಬಾಗಿಲ ಹತ್ತಿರ ಗೋಡೆಗೆ ಒರಗಿ ನಿಂತಿದ್ದ. ಮೊದಲು ನನ್ನ ಲೆಕ್ಕ ತೆಗೆದರು. ಖಾಲಿ ದಿನದ್ದು, ಎತ್ತುವ ದಿನದ್ದು, ತುಂಬಿದ ದಿನದ್ದು, ಒಂದೊಂದನ್ನೂ ಕೇಳಿದರು. ಭತ್ತ ಹರವಿದ ದಿನದ ಲೆಕ್ಕ ಬಂದಾಗ ಸಾಹೇಬರು, “ಇದನ್ನು ಯಾರು ಸೇರಿಸಿದರು?” ಎಂದರು. ಶಾಂತಕುಮಾರ ಸರ್ ನನ್ನ ಕಡೆ ಕೈ ತೋರಿಸಿ, “ಈ ಹುಡುಗಿ. ನಾ ನಕ್ಕಿದ್ದೆ ಸರ್, ನನಗ ಗೊತ್ತಿರಲಿಲ್ಲ” ಎಂದರು. ಲೆಕ್ಕದಲ್ಲಿ ಒಂದು ತಪ್ಪೂ ಸಿಗಲಿಲ್ಲ. ಸೇತುವೆ ನನ್ನ ಕೈಯಲ್ಲೇ ಉಳಿಯಿತು. ತುದಿಗೆ ಗರಸು ಹಾಕದ್ದಕ್ಕೆ ಹೊಸ ಬೀಮನ್ನು ಗುತ್ತಿಗೆದಾರರೇ ಮಾಡಿಕೊಡಬೇಕು. ಗೌರೀಶ ಕೆಲಸದಲ್ಲಿ ಮುಂದುವರಿಯುತ್ತಾನೆ. ಇನ್ನು ಮುಂದೆ ನಕ್ಷೆಯ ಮಾತನ್ನು ಬಿಟ್ಟು ಯಾರ ಅಪ್ಪನ ಮಾತನ್ನೂ ಕೇಳಬಾರದು ಎಂದು ಅವನಿಗೆ ತಾಕೀತಾಗಿದೆ!

ಅದಕ್ಕೂ ಮೊದಲು ಒಂದು ನಡೆಯಿತು. ಸಾಹೇಬರು ನನ್ನ ವರದಿಯನ್ನು ಎಲ್ಲರಿಗೂ ಕೇಳುವಂತೆ ಓದುತ್ತಾ ಹೋದರು. ನಿನ್ನ ಹೆಸರಿನ ಸಾಲಿಗೆ ಬಂದು ನಿಂತರು. ಇನ್ನೊಮ್ಮೆ ಮನಸ್ಸಿನಲ್ಲೇ ಓದಿಕೊಂಡರು. ಕಾಗದ ಕೆಳಗಿಟ್ಟು ನನ್ನನ್ನೇ ನೋಡಿ, “ಇದನ್ನು ಬರೆಯದಿದ್ದರೂ ನಡೆಯುತ್ತಿತ್ತಲ್ಲಮ್ಮ. ಬರೆಯಲು ನಿಮಗೆ ಯಾರು ಹೇಳಿದರು?” ಎಂದು ಕೇಳಿದರು.

ಕೊಪ್ಪಳಕ್ಕೆ ಬಂದ ಮೇಲೆ ನೀನು ಏನು ಕೆಲಸ ಮಾಡುತ್ತಿದ್ದೆ ಎಂದು ಯಾರಾದರೂ ಕೇಳಿದರೆ ನಾನು ಮಾತು ಬದಲಿಸುತ್ತಿದ್ದೆ. ನಿನಗೆ ಇದು ಗೊತ್ತಿಲ್ಲ, ಗೊತ್ತಾಗಲಿ ಎಂದೇ ಬರೆಯುತ್ತಿದ್ದೇನೆ. ಆ ದಿನ ಕುರ್ಚಿ ಹಿಂದಕ್ಕೆ ತಳ್ಳಿ ಎದ್ದು ನಿಂತೆ. ಅಷ್ಟು ಜನ ನನ್ನನ್ನೇ ನೋಡುತ್ತಿದ್ದರು.

“ನಮ್ಮಪ್ಪ ರೀ ಸರ್” ಎಂದೆ.

ನಿನ್ನ ಮಗಳು
ದುರ್ಗಾದೇವಿ